ಆಟಿ ತಿಂಗಳ ಒಣ ಕೋಣೆ

೧೯೫೭ರಲ್ಲಿ ನಾನು ಓದು ನಿಲ್ಲಿಸಿದೆ. ಕೆಲವರು ‘ಓದು ನಿಂತುಹೋಯಿತು’ ಎನ್ನುತ್ತಾರೆ. ಬಡತನ, ಅಪ್ಪನ ಕಾಯಿಲೆ ಎಂದೆಲ್ಲ ಕಾರಣ ಕೊಡುತ್ತಾರೆ. ನನ್ನದು ಹಾಗಲ್ಲ. ನಾನೇ ನಿಲ್ಲಿಸಿದ್ದು, ಕಾಪುವಿನ ಶಾಲೆಯ ಏಳನೆಯ ಕ್ಲಾಸಿನಲ್ಲಿ, ಒಂದು ತೊಟ್ಟಿಯ ಲೆಕ್ಕದ ಮೇಲೆ ಜಗಳ ಮಾಡಿ. ತೊಟ್ಟಿಗೆ ಮೇಲಿನ ನಳ್ಳಿ ನೀರು ತುಂಬಿಸುತ್ತದೆ, ಕೆಳಗಿನ ನಳ್ಳಿ ಖಾಲಿ ಮಾಡುತ್ತದೆ, ಎರಡನ್ನೂ ಒಟ್ಟಿಗೆ ಬಿಟ್ಟರೆ ತೊಟ್ಟಿ ತುಂಬಲು ಎಷ್ಟು ಹೊತ್ತು ಬೇಕು? ನಾನು ಎದ್ದು ನಿಂತು, “ಮಾಸ್ಟ್ರೇ, ಕೆಳಗಿನ ನಳ್ಳಿ ಮುಚ್ಚಿದರೆ ಆಯ್ತಲ್ಲ? ಬುದ್ಧಿ ಇದ್ದವರು ಎರಡನ್ನೂ ಬಿಟ್ಟು ಕೂತುಕೊಳ್ತಾರಾ?” ಎಂದೆ. ಕ್ಲಾಸು ನಕ್ಕಿತು. ಮಾಸ್ಟ್ರು ನಗಲಿಲ್ಲ, ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದರು. ಬೆಂಚಿನ ಮೇಲೆ ನಿಂತರೆ ಕಿಟಕಿಯಿಂದ ಸಮುದ್ರ ಕಾಣುತ್ತಿತ್ತು. ಅಷ್ಟು ದೊಡ್ಡ ತೊಟ್ಟಿಗೇ ಯಾರೂ ಲೆಕ್ಕ ಕೇಳುವುದಿಲ್ಲ, ನನಗೇಕೆ ಈ ಚಿಲ್ಲರೆ ತೊಟ್ಟಿ ಎಂದುಕೊಂಡು ಮರುದಿನದಿಂದ ಶಾಲೆಯ ದಾರಿ ಬಿಟ್ಟೆ. ಪಾಪ, ಮಾಸ್ಟ್ರು ಮನೆಯವರೆಗೆ ಬಂದು ಅಮ್ಮನ ಹತ್ತಿರ, “ನಿಮ್ಮ ಶೀನನ ತಲೆ ಚುರುಕುಂಟು. ಬಾಯಿ ಅದಕ್ಕಿಂತ ಚುರುಕುಂಟು. ಬಾಯಿಗೊಂದು ಬಿರಡೆ ಹಾಕಿದರೆ ಹುಡುಗ ಉದ್ಧಾರ ಆದಾನು” ಎಂದು ಹೇಳಿ ಹೋದರಂತೆ. ನಾನು ಅದರಲ್ಲಿ ಮೊದಲನೆಯ ವಾಕ್ಯವನ್ನು ಮಾತ್ರ ನೆನಪಿಟ್ಟುಕೊಂಡೆ.

ಓದು ಬಿಟ್ಟ ಹುಡುಗರೆಲ್ಲ ಆಗ ಬೊಂಬಾಯಿ ಬಸ್ಸು ಹತ್ತುತ್ತಿದ್ದರು. ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದರು. ನಾನು ಲೋಟ ತೊಳೆಯಲಿಲ್ಲ. ಲೋಟ ಯಾವುದರಿಂದ ಆಗುತ್ತದೋ ಆ ತಗಡಿನ ಕೆಲಸಕ್ಕೆ ಸೇರಿದೆ. ಟಾಕೀಸುಗಳಿಗೆ ತಂಪು ಗಾಳಿ ಹಾಯಿಸುವ ದೊಡ್ಡ ದೊಡ್ಡ ಕೊಳವೆಗಳನ್ನು ತಗಡು ಬಗ್ಗಿಸಿ ಮಾಡುವ ಶೆಡ್ಡು ಅದು. ಜನ ಮುಂದೆ ಕೂತು ಸಿನಿಮಾ ನೋಡುತ್ತಿದ್ದರು, ನಾನು ಛಾವಣಿಯ ಮೇಲೆ ಬೋರಲು ಬಿದ್ದು ಗಾಳಿ ನೋಡುತ್ತಿದ್ದೆ. ಊರಿಗೆ ಮರಳಿ ಕಟಪಾಡಿಯಲ್ಲಿ ವರ್ಕ್‌ಶಾಪು ಹಾಕಿದಾಗ ಉಡುಪಿಯ ಹೋಟೆಲಿನವರು ನನ್ನನ್ನು ಹುಡುಕಿಕೊಂಡು ಬಂದರು. ಒಂದು ಹೋಟೆಲಿನ ಅಡುಗೆಮನೆಯಲ್ಲಿ ಹೊಗೆ ಎಷ್ಟಿತ್ತೆಂದರೆ, ನಾನು ಹೊಗೆಕೊಳವೆ ಮತ್ತು ಫ್ಯಾನು ಕೂರಿಸಿದ ದಿನ ಅಲ್ಲಿನ ಇಬ್ಬರು ಅಡುಗೆಭಟ್ಟರು ಒಬ್ಬರ ಮುಖ ಒಬ್ಬರು ನೋಡಿ, “ಓ, ನೀವಾ?” ಎಂದರಂತೆ. ಇದನ್ನು ನಾನು ಹೇಳುತ್ತಿರುವುದಲ್ಲ, ಜನ ಹೇಳುವುದು. ನಾನು ಜನರಿಗೆ ಹೇಳಿದ್ದೆ, ಅವರು ತಿರುಗಿ ಹೇಳುತ್ತಾರೆ, ಅಷ್ಟೆ.

ಗಾಳಿಯನ್ನು ಪಳಗಿಸಿದೆ, ಸರಿ. ಆದರೆ ನಮ್ಮ ಕಡೆಯ ಒದ್ದೆಯನ್ನು ಪಳಗಿಸುವುದು ಸುಲಭದ ಮಾತಲ್ಲ. ಜೂನಿನಲ್ಲಿ ಹಿಡಿದ ಮಳೆ ಆಟಿ ತಿಂಗಳಿಗೆ, ಎಂದರೆ ಜುಲೈ-ಆಗಸ್ಟಿಗೆ, ಬರುವಾಗ ಮನೆಯೊಳಗೇ ಸಂಸಾರ ಹೂಡಿರುತ್ತದೆ. ಉಪ್ಪಿನ ಭರಣಿಯಲ್ಲಿ ಉಪ್ಪು ಇರುವುದಿಲ್ಲ, ಉಪ್ಪುನೀರು ಇರುತ್ತದೆ. ಬೆಂಕಿಪೊಟ್ಟಣದ ಕಡ್ಡಿ ಗೀರಿದರೆ ತಲೆ ಕಿತ್ತುಬರುತ್ತದೆ. ಚರ್ಮದ ಚಪ್ಪಲಿಗೆ ಬೂಸಲು ಬಂದು ಅದು ಮತ್ತೆ ಜೀವಂತ ಪ್ರಾಣಿಯಾಗುವುದಕ್ಕೆ ಹೊರಟ ಹಾಗೆ ಕಾಣುತ್ತದೆ. ಬಟ್ಟೆಯ ಕತೆ ಕೇಳುವುದೇ ಬೇಡ. ನನ್ನ ಹೆಂಡತಿ ಗಿರಿಜ ಕಾರ್ಕಳದವಳು. ಆಟಿಯಲ್ಲಿ ಒದ್ದೆ ಬಟ್ಟೆಗಳನ್ನು ಚಾವಡಿಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಚಾವಡಿಗೆ ಮೆರವಣಿಗೆ ಮಾಡಿಸುತ್ತಾ, “ನಮ್ಮೂರಿನ ಗೊಮ್ಮಟಸ್ವಾಮಿಯೇ ಬುದ್ಧಿವಂತ. ಅಷ್ಟು ಮಳೆಯಲ್ಲಿ ನಿಂತರೂ ಒಣಗಿಸುವ ತಾಪತ್ರಯ ಇಲ್ಲ” ಎನ್ನುತ್ತಿದ್ದಳು. ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿದ ನನ್ನ ಖಾಕಿ ಪ್ಯಾಂಟಿಗೆ ಸಾಂಬಾರಿನ ವಾಸನೆ ಬರುತ್ತಿತ್ತು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ನನ್ನನ್ನು ಹೋಟೆಲಿನ ಸಪ್ಲೈಯರ್ ಎಂದು ತಿಳಿಯುತ್ತಿದ್ದರು. ಗಾಳಿ ಕೆಲಸದಲ್ಲಿ ಹೆಸರು ಮಾಡಿದ ಮನುಷ್ಯನಿಗೆ ಇದೊಂದು ಅವಮಾನ.

ಹೀಗಿರುವಾಗ, ಎಂಬತ್ತರ ಆಸುಪಾಸಿನಲ್ಲಿ, ಮಣಿಪಾಲದ ಒಂದು ಲ್ಯಾಬಿನಿಂದ ನನಗೆ ಕರೆ ಬಂತು. ಅಲ್ಲಿನ ದೊಡ್ಡವರು ಉಪಾಧ್ಯರು ಎಂಬ ಪ್ರೊಫೆಸರು, ಮನೆ ಕಡಿಯಾಳಿಯಲ್ಲಿ. ಬಹಳ ಮೆತ್ತಗೆ ಮಾತನಾಡುವ ಮನುಷ್ಯ. ಬೈಯುವಾಗಲೂ ಆಶೀರ್ವಾದ ಮಾಡಿದ ಹಾಗೆ ಇರುತ್ತಿತ್ತು. ಲ್ಯಾಬಿನ ಒಳಗೊಂದು ತಕ್ಕಡಿಯ ಕೋಣೆ. ತಕ್ಕಡಿ ಎಂದರೆ ನಮ್ಮ ಅಂಗಡಿಯದ್ದಲ್ಲ. ಗಾಜಿನ ಪೆಟ್ಟಿಗೆಯೊಳಗೆ ಕೂರಿಸಿದ್ದು. ನೀವು ಹತ್ತಿರ ನಿಂತು ಉಸಿರು ಬಿಟ್ಟರೆ ಮುಳ್ಳು ಅಲ್ಲಾಡುತ್ತದೆ. ಅದರಲ್ಲಿ ಅವರು ಬಿಳಿ ಪುಡಿಗಳನ್ನು ತೂಗುತ್ತಿದ್ದರು. ಮಳೆಗಾಲ ಬಂದರೆ ಆ ಪುಡಿ ಗಾಳಿಯಲ್ಲಿರುವ ನೀರು ಕುಡಿಯುತ್ತದೆ. “ನೋಡಿ ಶೀನಣ್ಣ,” ಎಂದರು ಉಪಾಧ್ಯರು ಒಂದು ಸಣ್ಣ ಬಟ್ಟಲು ತೋರಿಸಿ, “ಬೆಳಿಗ್ಗೆ ಪುಡಿ ಇಟ್ಟೆವು. ಈಗ ಗಂಜಿ.” ನಾನು ನೋಡಿದೆ. ಚಟ್ನಿ ಒಂದು ಕಡಿಮೆ.

“ಎಂತದ್ದೂ ಇಲ್ಲ ಸಾರ್, ಕೋಣೆಗೆ ಗಾಳಿ ಆಡುವುದಿಲ್ಲ, ಅಷ್ಟೇ” ಎಂದು ತೀರ್ಪು ಕೊಟ್ಟೆ. ನಮ್ಮೂರಿನಲ್ಲಿ ಹುಟ್ಟಿದ ಯಾರು ಬೇಕಾದರೂ ಅದನ್ನೇ ಹೇಳುತ್ತಾರೆ. ಬೂಸಲು ಬಂತಾ, ಕಿಟಕಿ ತೆರೆ. ಕಮಟು ವಾಸನೆಯಾ, ಬಾಗಿಲು ತೆರೆ. ನಾನು ಒಂದು ಹೆಜ್ಜೆ ಮುಂದೆ ಹೋಗಿ ಗೋಡೆ ಕೊರೆದು ಹೋಟೆಲಿಗೆ ಹಾಕುವ ಎರಡು ದೊಡ್ಡ ಎಕ್ಸಾಸ್ಟ್ ಫ್ಯಾನು ಕೂರಿಸಿದೆ. ಸ್ವಿಚ್ಚು ಹಾಕಿದಾಗ ಮೇಜಿನ ಮೇಲಿನ ಕಾಗದ ಹಾರಿ ಗೋಡೆಗೆ ಅಂಟಿತು. “ಗಾಳಿ ಎಂದರೆ ಇದು!” ಎಂದೆ. ಮರುದಿನ ಪುಡಿ ಗಂಜಿಯಾಗಲಿಲ್ಲ, ಸಾರಾಯಿತು.

ಉಪಾಧ್ಯರು ಸಿಟ್ಟು ಮಾಡಲಿಲ್ಲ. ಗೋಡೆಗೆ ತೂಗುಹಾಕಿದ್ದ ಎರಡು ಥರ್ಮಾಮೀಟರುಗಳ ಮುಂದೆ ನನ್ನನ್ನು ನಿಲ್ಲಿಸಿದರು. ಒಂದರ ಬುಡ ಒಣಗಿದ್ದು, ಇನ್ನೊಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿದ್ದರು, ಪಾಪ, ಈಗ ತಾನೇ ಸ್ನಾನ ಮಾಡಿ ಬಂದ ಹಾಗೆ. ಎರಡರ ನಡುವಿನ ಅಂತರ ಹೆಚ್ಚಿದ್ದಷ್ಟೂ ಕೋಣೆ ಒಣ. ಎರಡೂ ಹತ್ತಿರ ಬಂದರೆ ಒದ್ದೆ. ಪಕ್ಕದ ಪಟ್ಟಿಯಲ್ಲಿ ನೋಡಿದರೆ ನೂರಕ್ಕೆ ಎಷ್ಟು ತೇವ ಎಂದು ಸಿಗುತ್ತದೆ. “ಶೀನಣ್ಣ, ನಿಮ್ಮ ಫ್ಯಾನು ಕೋಣೆಯ ಗಾಳಿಯನ್ನು ಹೊರಗೆ ಕಳಿಸುತ್ತದೆ. ಸಂತೋಷ. ಆ ಜಾಗಕ್ಕೆ ಯಾರು ಬರುತ್ತಾರೆ?” ಎಂದು ಕೇಳಿದರು. ಹೊರಗೆ ಮಳೆ ಸುರಿಯುತ್ತಿತ್ತು. ಹೊರಗಿನ ಗಾಳಿ ಎಂದರೆ ಅರ್ಧ ಮಳೆಯೇ. ನಾನು ಫ್ಯಾನು ಹಾಕಿ ಇಡೀ ಅರಬ್ಬೀ ಸಮುದ್ರಕ್ಕೆ ಆಮಂತ್ರಣ ಕೊಟ್ಟಿದ್ದೆ! ತಿಳಿದವರು ಹೇಳಿದರೆ ನಾನು ಕೂಡಲೇ ಒಪ್ಪುವ ಮನುಷ್ಯ. ಅದು ಮೊದಲೇ ನನಗೆ ಗೊತ್ತಿತ್ತು ಎಂದು ಮಾತ್ರ ಸೇರಿಸುತ್ತೇನೆ.

ಆಮೇಲೆ ಉಪಾಧ್ಯರು ಲೆಕ್ಕ ಹಾಕಿದರು, ನಾನು ತಗಡು ಬಗ್ಗಿಸಿದೆ. ಹೊಸ ಏರ್ಪಾಡು ಹೀಗಿತ್ತು. ಕಿಟಕಿಗಳೆಲ್ಲ ಬಂದ್. ಹೊರಗಿನ ಗಾಳಿಯನ್ನು ಸ್ವಲ್ಪವೇ ಸ್ವಲ್ಪ, ಮದುವೆಮನೆಯಲ್ಲಿ ತುಪ್ಪ ಬಡಿಸುವಷ್ಟು, ಒಳಗೆ ಬಿಡುವುದು. ಯಂತ್ರದೊಳಗೆ ತಣ್ಣಗಿನ ಕೊಳವೆಗಳ ಮೇಲೆ ಅದನ್ನು ಹಾಯಿಸಿದಾಗ ಗಾಳಿ ಬೆವತು ನೀರು ಬಿಡುತ್ತದೆ. ನೀರು ಬಿಟ್ಟ ಗಾಳಿಯನ್ನು ಹೀಟರಿನಿಂದ ತುಸು ಬೆಚ್ಚಗೆ ಮಾಡಿ ಕೋಣೆಗೆ ತಳ್ಳುವುದು. ಅದು ಕೋಣೆ ಸುತ್ತಿ, ಗೋಡೆಯ ಜಾಲರಿಯಿಂದ ಹೊರಬಿದ್ದು, ಹಿಂದಿನ ಒಂದು ಇಕ್ಕಟ್ಟಾದ ಓಣಿಯಲ್ಲಿ ಹಾದು ಪುನಃ ಯಂತ್ರಕ್ಕೆ ಬರುತ್ತದೆ. ಹೆಚ್ಚಾದ ತುಸು ಗಾಳಿ ಓಣಿಯ ಹಿಂಬದಿಯ ಒಂದು ಕಿಂಡಿಯಿಂದ ಹೊರಗೆ. ಕೋಣೆಯೊಳಗೆ ಯಾವಾಗಲೂ ಗಾಳಿ ತುಸು ಒತ್ತಿಕೊಂಡೇ ಇರಬೇಕು. ಆಗ ಬಾಗಿಲ ಸಂದಿಯಿಂದ ಹೊರಗಿನ ಒದ್ದೆ ನುಗ್ಗುವುದಿಲ್ಲ. ಇದನ್ನು ಪರೀಕ್ಷೆ ಮಾಡಲು ನಾನು ಊದುಬತ್ತಿ ಹಚ್ಚಿ ಬಾಗಿಲ ಸಂದಿಗೆ ಹಿಡಿಯುತ್ತಿದ್ದೆ. ಹೊಗೆ ಹೊರಮುಖವಾಗಿ ಹೋದರೆ ಸರಿ. ಮೊದಲ ದಿನ ನಾನು ಊದುಬತ್ತಿ ಹಿಡಿದು ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತಾಗ ಇಬ್ಬರು ವಿದ್ಯಾರ್ಥಿಗಳು ಚಪ್ಪಲಿ ಕಳಚಿ ಕೈಮುಗಿದು ನಿಂತರು.

ಯಂತ್ರ ಹಿಂಡಿದ ನೀರು ಒಂದು ನಳಿಗೆಯಿಂದ ತೊಟ್ಟಿಕ್ಕಿ ಹೊರಗಿಟ್ಟ ಬಕೆಟಿಗೆ ಬೀಳುತ್ತಿತ್ತು. ಆ ಬಕೆಟು ನನ್ನ ಹೆಮ್ಮೆ. ಬಂದವರಿಗೆಲ್ಲ ತೋರಿಸಿ, “ಇದು ಗಾಳಿಯಿಂದ ತೆಗೆದ ನೀರು, ಬಾವಿಯದ್ದಲ್ಲ” ಎನ್ನುತ್ತಿದ್ದೆ. ಲ್ಯಾಬಿನ ಅಟೆಂಡರ್ ಅಪ್ಪಿಯಕ್ಕ ಬೆರಳು ಅದ್ದಿ ನೋಡಿ, “ಹೌದಾ ಶೀನಣ್ಣ, ಹಾಗಾದರೆ ನೀವು ಕಲ್ಲು ಹಿಂಡಿದರೆ ಹಾಲೂ ಬಂದೀತು” ಎಂದಳು. ಅಪ್ಪಿಯಕ್ಕ ಕಟಪಾಡಿಯವಳೇ, ನಮ್ಮ ಮನೆಯಿಂದ ಮೂರನೆಯ ಮನೆ. ಬೆಳಿಗ್ಗೆ ನಾವಿಬ್ಬರೂ ಒಂದೇ ಬಸ್ಸಿಗೆ ಹೋಗುವವರು. ಲ್ಯಾಬಿನ ಎಲ್ಲ ಬೀಗದ ಕೈ ಅವಳ ಸೊಂಟದಲ್ಲಿ. ಉಪಾಧ್ಯರೇ ಒಳಗೆ ಹೋಗಬೇಕಾದರೂ ಅವಳನ್ನು ಕೇಳಬೇಕು.

ಜೂನ್ ಕಳೆಯಿತು. ಕೋಣೆ ನೂರಕ್ಕೆ ಐವತ್ತರಲ್ಲಿ ನಿಂತಿತು. ಪುಡಿ ಪುಡಿಯಾಗಿಯೇ ಉಳಿಯಿತು. ಉಪಾಧ್ಯರು ನನ್ನನ್ನು ಕೂರಿಸಿ ಚಾ ಕೊಡಿಸಿ ವಿಷಯಕ್ಕೆ ಬಂದರು. ಪಕ್ಕದಲ್ಲಿ ಹೊಸ ಕಟ್ಟಡ ಏಳುತ್ತಿತ್ತು, ಅದರಲ್ಲಿ ಇಂಥ ಮೂರು ಕೋಣೆ ಬೇಕಿತ್ತು. ಮೇಲಿನವರಿಗೆ ಬೊಂಬಾಯಿಯ ಕಂಪೆನಿಯನ್ನು ಕರೆಸುವ ಮನಸ್ಸು. “ಏಳನೇ ಕ್ಲಾಸಿನವರ ಕೈಗೆ ಕೊಡುವುದಾ ಎಂದು ಕೇಳ್ತಾ ಇದ್ದಾರೆ. ನಾನು ನಿಮ್ಮ ಪರವಾಗಿ ಮಾತು ಕೊಟ್ಟಿದ್ದೇನೆ ಶೀನಣ್ಣ. ಆಟಿ ಮುಗಿಯುವವರೆಗೆ ಈ ಕೋಣೆ ಅರುವತ್ತು ದಾಟದೆ ನಿಂತರೆ ಹೊಸ ಕೋಣೆಗಳೂ ನಿಮಗೆ. ದಾಟಿದರೆ ನನ್ನ ಬಾಯಿಯೂ ಮುಚ್ಚಿತು, ನಿಮ್ಮ ಕೆಲಸವೂ ಮುಗಿಯಿತು.” ನಾನು ಎದ್ದು ನಿಂತು, “ಸಾರ್, ಅರುವತ್ತಲ್ಲ, ಐವತ್ತೈದು ದಾಟಿದರೆ ನಾನು ಕತ್ತರಿ ಕೆಳಗಿಟ್ಟು ಕಾಪುವಿನಲ್ಲಿ ಬಲೆ ಎಳೆಯಲು ಹೋಗ್ತೇನೆ” ಎಂದೆ. ಅವರು ಐದು ಅಂಕ ಬಿಟ್ಟುಕೊಟ್ಟಿದ್ದನ್ನು ನಾನೇ ವಾಪಸು ಕೊಟ್ಟೆ. ಮಾಸ್ಟ್ರು ಹೇಳಿದ ಬಿರಡೆ ಆಗಲೂ ಸಿಕ್ಕಿರಲಿಲ್ಲ.

ಇಂಥ ಮಾತು ಆಡಿದ ಮೇಲೆ ಸುಮ್ಮನಿರಲು ಸಾಧ್ಯವೇ? ಬಸ್ಸಿನಲ್ಲಿ ಹೇಳಿದೆ. ಕ್ಷೌರದ ಅಂಗಡಿಯಲ್ಲಿ ಅರ್ಧ ಮುಖಕ್ಕೆ ಸೋಪು ಇರುವಾಗಲೇ ಹೇಳಿದೆ. ಕಟಪಾಡಿ ಪೇಟೆಯಲ್ಲಿ ಮೀನು ಕೊಳ್ಳುವಾಗ ಮೀನಿನ ಹೆಂಗಸರಿಗೂ ಹೇಳಿದೆ. “ಕಾಪುವಿನಿಂದ ಕಾರ್ಕಳದವರೆಗೆ ಹುಡುಕಿ, ಈ ಆಟಿಯಲ್ಲಿ ಒಣಗಿದ ಜಾಗ ಎಂದರೆ ಅದೊಂದೇ. ಬೆಳಿಗ್ಗೆ ಹಸಿ ಹಪ್ಪಳ ಇಡಿ, ಮಧ್ಯಾಹ್ನ ಕರಿಯಿರಿ. ಅಂಥ ಗಾಳಿ!” ಜನ, “ಹೌದಾ ಮಾರಾಯ್ರೆ!” ಎಂದು ಬಾಯಿ ಬಿಟ್ಟು ಕೇಳುತ್ತಿದ್ದರು. ಕೆಲವರು, “ಬಟ್ಟೆಯೂ ಒಣಗುತ್ತದಾ?” ಎಂದು ಕೇಳುತ್ತಿದ್ದರು. “ಬಟ್ಟೆಯಾ? ಎರಡು ಗಂಟೆ ಹೆಚ್ಚಾಯಿತು” ಎನ್ನುತ್ತಿದ್ದೆ. ಬಸ್ಸಿನ ಮುಂದಿನ ಸೀಟಿನಲ್ಲಿ ಅಪ್ಪಿಯಕ್ಕ ಸೊಂಟದ ಬೀಗದ ಕೈ ಸರಿಮಾಡಿಕೊಳ್ಳುತ್ತಾ ಮೌನವಾಗಿ ಕೇಳುತ್ತಿದ್ದಳು. ಅವಳಿಗೂ ನನ್ನ ಮೇಲೆ ಗೌರವ ಹುಟ್ಟಿತು ಎಂದುಕೊಂಡೆ.

ಆಟಿ ಬಂತು. ಆ ವರ್ಷದ ಆಟಿ ನನ್ನ ಬಾಳಿನಲ್ಲೇ ಸುಖದ ಆಟಿ. ಏಕೆಂದರೆ ಸಾಂಬಾರಿನ ವಾಸನೆ ಇಲ್ಲದ ಪ್ಯಾಂಟು ನನಗೆ ಆ ವರ್ಷವೇ ಸಿಕ್ಕಿದ್ದು. ಗರಿಗರಿಯಾದ ಖಾಕಿ ಪ್ಯಾಂಟು, ಹೊಸ ನೋಟಿನ ಹಾಗೆ. “ಹೇಗೆ ಒಣಗಿಸಿದೆ ಮಾರಾಯ್ತಿ?” ಎಂದು ಗಿರಿಜಳನ್ನು ಕೇಳಿದರೆ, “ಒಣಗಿತು” ಎಂದಳು. ನಾನು ಮುಂದೆ ಕೇಳಲಿಲ್ಲ. ಗಂಡಸರಿಗೆ ಒಣಗಿದ ಪ್ಯಾಂಟು ಸಿಕ್ಕಿದರೆ ಅದರ ಚರಿತ್ರೆ ಬೇಕಾಗುವುದಿಲ್ಲ. ಬಸ್ಸಿನಲ್ಲಿ ಅಪ್ಪಿಯಕ್ಕನ ಕೈಯಲ್ಲಿ ಒಂದು ದೊಡ್ಡ ಬಟ್ಟೆಯ ಚೀಲ ಇರುತ್ತಿತ್ತು. ಕಡಿಯಾಳಿಯಲ್ಲಿ ಬಸ್ಸು ನಿಂತಾಗ ಉಪಾಧ್ಯರ ಹೆಂಡತಿ ಕೊಡೆ ಹಿಡಿದು ಬಂದು ಕಿಟಕಿಯಿಂದ ಅಪ್ಪಿಯಕ್ಕನಿಗೆ ಒಂದು ಡಬ್ಬ ಕೊಡುತ್ತಿದ್ದರು. ಪ್ರೊಫೆಸರರ ಊಟ ಇರಬೇಕು, ಎಂಥ ಪತಿಭಕ್ತಿ ಎಂದುಕೊಂಡು, ಮನೆಗೆ ಹೋಗಿ ಗಿರಿಜಳಿಗೆ ಉದಾಹರಣೆ ಕೊಟ್ಟೆ. ಮಣಿಪಾಲದಲ್ಲಿ ಇಳಿದಾಗ ಮಳೆ. ಅಪ್ಪಿಯಕ್ಕನಿಗೆ ಗಂಟುನೋವು. “ಕೊಡಿ ಅಪ್ಪಿಯಕ್ಕ, ನಾನು ಹಿಡೀತೇನೆ. ಎಂತ ಇಷ್ಟು ಭಾರ?” ಎಂದರೆ, “ಹೆಂಗಸರ ಸಾಮಾನು ಶೀನಣ್ಣ, ಕೇಳಬಾರದು” ಎನ್ನುತ್ತಿದ್ದಳು. ಸಭ್ಯ ಮನುಷ್ಯ ನಾನು. ಕೇಳಲಿಲ್ಲ, ಹೊತ್ತೆ.

ಹೀಗೆ ನಾನು ಗರಿಗರಿ ಪ್ಯಾಂಟು ಹಾಕಿಕೊಂಡು ತಿರುಗುತ್ತಿರುವಾಗ ಕೋಣೆಯ ತೇವ ಏರತೊಡಗಿತು. ಐವತ್ತೆರಡಾಯಿತು. ಐವತ್ತೈದೂ ದಾಟಿತು. ಬಲೆ ಎಳೆಯುವ ಮಾತನ್ನು ಯಾರೂ ನೆನಪಿಸಲಿಲ್ಲ, ಅದು ಅವರ ದೊಡ್ಡತನ. ಐವತ್ತೆಂಟಕ್ಕೆ ಬಂದಾಗ ನಾನು ದಿನಕ್ಕೆ ಹತ್ತು ಸಲ ಥರ್ಮಾಮೀಟರಿನ ಮುಂದೆ ಹೋಗಿ ನಿಲ್ಲತೊಡಗಿದೆ. ಆದರೆ ಯಂತ್ರದಲ್ಲಿ ಏನೂ ದೋಷ ಇಲ್ಲ ಎನ್ನುವುದಕ್ಕೆ ಕಣ್ಣಮುಂದೆಯೇ ಸಾಕ್ಷಿ ಇತ್ತು: ಬಕೆಟು! ಮೊದಲು ಸಂಜೆಗೆ ತುಂಬುತ್ತಿದ್ದ ಬಕೆಟು ಈಗ ಮಧ್ಯಾಹ್ನಕ್ಕೇ ತುಂಬಿ ಹರಿಯುತ್ತಿತ್ತು. “ನೋಡಿ ಸಾರ್, ಯಂತ್ರ ಹಳತಾದಷ್ಟೂ ಹೆಚ್ಚು ಹಾಲು ಕೊಡ್ತಾ ಉಂಟು” ಎಂದು ಉಪಾಧ್ಯರಿಗೆ ಬಕೆಟು ತೋರಿಸಿದೆ. ದೋಷ ಬೇರೆಯವರದ್ದೇ ಇರಬೇಕು ಎಂದು ಹುಡುಕಲು ಹೊರಟೆ. ವಿದ್ಯಾರ್ಥಿಗಳ ಕೊಡೆ, ಚಪ್ಪಲಿ ಎಲ್ಲ ಮೆಟ್ಟಿಲ ಕೆಳಗೆ ಬಿಡಿಸಿದೆ. ತಲೆ ಒರೆಸದೆ ಒಳಗೆ ಬಂದವನನ್ನು ಹೊರಗೆ ಕಳಿಸಿದೆ. ಥರ್ಮಾಮೀಟರಿಗೆ ಸುತ್ತಿದ ಒದ್ದೆ ಬಟ್ಟೆಯೇ ಕೋಣೆಯನ್ನು ಒದ್ದೆ ಮಾಡುತ್ತಿದೆಯೋ ಎಂದು ಅನುಮಾನಪಟ್ಟೆ. ಉಪಾಧ್ಯರು ನನ್ನನ್ನು ಸ್ವಲ್ಪ ಹೊತ್ತು ನೋಡಿ, “ಚಾ ಕುಡೀತೀರಾ?” ಎಂದರು. ಗೋಡೆ ಕಟ್ಟಿದ ಮೇಸ್ತ್ರಿಯನ್ನು ಬೈದೆ. ಕೊನೆಗೆ ಅಪ್ಪಿಯಕ್ಕನಿಗೆ, “ನೆಲ ಒರೆಸುವುದು ಬಂದ್!” ಎಂದು ಆರ್ಡರ್ ಮಾಡಿದೆ. ಅವಳು ಕೂಡಲೇ ಪೊರಕೆ, ಬಟ್ಟೆ ಒಳಗಿಟ್ಟು, “ನಿಮ್ಮಂಥ ಮೇಲಧಿಕಾರಿ ಮೊದಲೇ ಬರಬೇಕಿತ್ತು” ಎಂದಳು.

ಇನ್ನೊಂದು ವಿಚಿತ್ರ ಉಂಟು. ಕಟ್ಟಡದ ಹಿಂಬದಿಯಲ್ಲಿ ಹೆಚ್ಚಾದ ಗಾಳಿ ಹೊರಬೀಳುವ ಕಿಂಡಿ ಇತ್ತೆಂದು ಹೇಳಿದೆನಲ್ಲ, ಅದರ ಎದುರಿನ ಗೋಡೆಯ ಮೇಲೆ ಕಾಗೆಗಳು ಸಾಲಾಗಿ ಕೂರತೊಡಗಿದವು. ಮಳೆಯಲ್ಲಿ ನೆನೆಯುತ್ತಾ, ಕತ್ತು ಚಾಚಿ, ಶ್ರಾದ್ಧದ ಮನೆಯ ಮುಂದೆ ಕೂತ ಹಾಗೆ. “ಇದೆಂತ ಅಪ್ಪಿಯಕ್ಕ?” ಎಂದೆ. “ಬೆಚ್ಚಗಿನ ಗಾಳಿ ಬರ್ತದಲ್ಲ, ಪಾಪದ ಜೀವಗಳು, ಮೈ ಕಾಯಿಸ್ಲಿಕ್ಕೆ ಕೂತಿರಬೇಕು. ಕಾಗೆಗಳಿಗೂ ನಿಮ್ಮ ಗಾಳಿ ಹಿಡಿಸಿದೆ.” ನಾನು ಅದನ್ನೂ ನಂಬಿದೆ. ಹೊಗಳಿಕೆಯ ರೂಪದಲ್ಲಿ ಬಂದ ಸುಳ್ಳನ್ನು ನಾನು ಇವತ್ತಿಗೂ ನಂಬುತ್ತೇನೆ.

ಅರುವತ್ತಕ್ಕೆ ಒಂದೇ ಒಂದು ಅಂಕ ಬಾಕಿ ಇರುವಾಗ ಉಪಾಧ್ಯರು ನನ್ನನ್ನು ಕರೆದರು. “ನಾಳೆ ಮೇಲಿನವರು ಕೋಣೆ ನೋಡಲಿಕ್ಕೆ ಬರ್ತಾರೆ” ಎಂದರು. ಆಮೇಲೆ ತುಂಬಿದ ಬಕೆಟಿನ ಕಡೆ ನೋಡಿ ಮೆತ್ತಗೆ ಕೇಳಿದರು: “ಶೀನಣ್ಣ, ಈ ಕೋಣೆ ಒಂದು ತೊಟ್ಟಿ ಅಂತ ತಿಳ್ಕೊಳ್ಳಿ. ಕೆಳಗಿನ ನಳ್ಳಿ ಇಷ್ಟು ಜೋರಾಗಿ ನೀರು ಖಾಲಿ ಮಾಡ್ತಾ ಉಂಟು. ಆದರೂ ತೊಟ್ಟಿ ತುಂಬ್ತಾ ಉಂಟು. ಅಂದರೆ ಎಂತ?” ನನ್ನ ಕಾಲಡಿಯಲ್ಲಿ ಬೆಂಚು ಬಂದ ಹಾಗಾಯಿತು. ಅಷ್ಟು ವರ್ಷ ನಾನು ತಪ್ಪಿಸಿಕೊಂಡು ಓಡಿದ ಲೆಕ್ಕ, ಬೊಂಬಾಯಿಗೆ ಹೋಗಿ ಬಂದರೂ ಬಿಡದೆ, ಮಣಿಪಾಲದ ಗುಡ್ಡ ಹತ್ತಿಕೊಂಡು ಬಂದು ಎದುರಿಗೆ ನಿಂತಿತ್ತು. “ಮೇಲಿನ ನಳ್ಳಿ ಎಲ್ಲೋ ತೆರೆದುಂಟು ಸಾರ್” ಎಂದೆ. “ಅಷ್ಟೇ. ಅದನ್ನು ಹುಡುಕಿ” ಎಂದರು.

ಊದುಬತ್ತಿ ಹಚ್ಚಿದೆ. ಬಾಗಿಲ ಸಂದಿಗೆ ಹಿಡಿದೆ. ಹೊಗೆ ಹೊರಗೆ ಹೋಯಿತು, ಸರಿ. ಕಿಟಕಿಯ ಅಂಚು, ಸರಿ. ಗೋಡೆಯ ಜಾಲರಿಗೆ ಹಿಡಿದೆ. ಕೋಣೆಯ ಗಾಳಿ ಅಲ್ಲಿಂದಲೇ ಹಿಂದಿನ ಓಣಿಗೆ ಹೋಗುವುದು. ಹೊಗೆ ಬಾಣದ ಹಾಗೆ ಒಳಗೆ ನುಗ್ಗಬೇಕು. ಅದು ಹೋಗಲಿಲ್ಲ. ಜಾಲರಿಯ ಮುಂದೆ ಅತ್ತ ಇತ್ತ ತಿರುಗಿ, ಬಾಗಿಲು ಹಾಕಿದ ಮನೆಯ ಮುಂದೆ ನಿಂತ ನೆಂಟನ ಹಾಗೆ ಹಿಂದೆ ಬಂತು. ಅಂದರೆ ಆಚೆ ಏನೋ ಅಡ್ಡ ಇದೆ. ಓಣಿಗೆ ನಾನು ಜೂನಿನ ನಂತರ ಕಾಲಿಟ್ಟಿರಲಿಲ್ಲ. ನಾನೇ ಕಟ್ಟಿದ್ದು, ನೋಡುವುದೆಂತ? “ಅಪ್ಪಿಯಕ್ಕ, ಹಿಂದಿನ ಓಣಿಯ ಬೀಗದ ಕೈ ಕೊಡಿ.” “ಅದು ಕಟಪಾಡಿಯಲ್ಲಿ ಬಾಕಿ ಆಯ್ತು ಶೀನಣ್ಣ.” “ಸೊಂಟದಲ್ಲಿ ಇರುವುದು ಎಂತ ಹಾಗಾದರೆ?” ಅವಳು ಸೊಂಟ ನೋಡಿಕೊಂಡು, “ಓ, ಇಲ್ಲೇ ಉಂಟಲ್ಲ!” ಎಂದು ಆಶ್ಚರ್ಯಪಟ್ಟಳು.

ಬಾಗಿಲು ತೆರೆದೆ. ನಮ್ಮ ಜಿಲ್ಲೆಯ ಸಂಸಾರಗಳ ಒಂದು ಪ್ರದರ್ಶನವೇ ಅಲ್ಲಿತ್ತು. ಈ ತುದಿಯಿಂದ ಆ ತುದಿಗೆ ಹಗ್ಗ. ಹಗ್ಗದ ಮೇಲೆ ಸೀರೆ, ಲಂಗ, ಲುಂಗಿ, ಮಗುವಿನ ಲಂಗೋಟಿ, ವಿದ್ಯಾರ್ಥಿಗಳ ಬಿಳಿ ಕೋಟುಗಳು. ನೆಲದ ಮೇಲೆ ಚಾಪೆ. ಚಾಪೆಯ ಮೇಲೆ, ಮಳೆ ಬೇಗ ಹಿಡಿದು ಅರ್ಧಂಬರ್ಧ ಒಣಗಿದ ಹಲಸಿನ ಹಪ್ಪಳ, ಚಂದ್ರನ ಹಾಗೆ ಸಾಲುಸಾಲಾಗಿ. ಅದರ ಪಕ್ಕದಲ್ಲಿ ಕಡಿಯಾಳಿಯ ಡಬ್ಬ ಬಾಯಿ ತೆರೆದುಕೊಂಡಿತ್ತು. ಡಬ್ಬದ ನೇರ ಮೇಲೆ, ಹಗ್ಗಕ್ಕೆ ಕಟ್ಟಿದ ದಾರದಲ್ಲಿ, ಬಾಲ ಮೇಲಾಗಿ ತೂಗುತ್ತಿದ್ದವು ಉಪ್ಪು ಹಚ್ಚಿದ ಬಂಗುಡೆ ಮೀನುಗಳು. ಕಾಗೆಗಳ ತಪಸ್ಸು ಅರ್ಥವಾಯಿತು. ಈ ಎಲ್ಲದರ ನೀರು ಕುಡಿದ ಗಾಳಿಯನ್ನು ನನ್ನ ಯಂತ್ರ ದಿನವಿಡೀ ಹಿಂಡುತ್ತಿತ್ತು, ನಾನು ಬಕೆಟು ಹಿಡಿದು ಮೆರೆಯುತ್ತಿದ್ದೆ.

“ಅಪ್ಪಿಯಕ್ಕ!” ಎಂದು ಗುಡುಗಿದೆ. “ಯಾರು ಹೇಳಿದ್ದು ನಿಮಗೆ ಇಲ್ಲಿ ಇದನ್ನೆಲ್ಲ ಹಾಕ್ಲಿಕ್ಕೆ?”

“ನೀವೇ ಅಲ್ವಾ?” ಎಂದಳು, ಸ್ವಲ್ಪವೂ ಅಳುಕದೆ. “ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳಿದ್ದು ಯಾರು? ಬೆಳಿಗ್ಗೆ ಹಪ್ಪಳ ಇಡಿ, ಮಧ್ಯಾಹ್ನ ಕರಿಯಿರಿ ಅಂತ. ನಾಲ್ಕು ಜನ ಕೇಳಿದರು, ಅಪ್ಪಿಯಕ್ಕ ಹೇಗಾದರೂ ಮಾಡಿ ಅಂದರು. ನಿಮ್ಮ ಮಾತು ಸುಳ್ಳಾಗಬಾರದು ಅಂತ ಮಾಡಿದೆ. ಈಗ ನನಗೇ ಜೋರು ಮಾಡ್ತೀರಿ!”

“ಈ ನಾಲ್ಕು ಜನ ಯಾರು? ಹೆಸರು ಹೇಳಿ, ಒಬ್ಬೊಬ್ಬರನ್ನೂ ವಿಚಾರಿಸ್ತೇನೆ” ಎಂದೆ.

“ವಿಚಾರಿಸಿ. ಮೊದಲು ಜಾಲರಿಗೆ ಅಡ್ಡ ನೇತಾಡ್ತಾ ಉಂಟಲ್ಲ, ಅದನ್ನೇ ವಿಚಾರಿಸಿ.”

ಜಾಲರಿಗೆ ಗಾಳಿ ಹೋಗದ ಹಾಗೆ ಅಗಲವಾಗಿ ನೇತಾಡುತ್ತಿದ್ದದ್ದು ಒಂದು ಖಾಕಿ ಪ್ಯಾಂಟು. ಮೊಣಕಾಲಿನಲ್ಲಿ ತಗಡು ತಾಗಿ ಹರಿದ ಜಾಗಕ್ಕೆ ಗಿರಿಜ ಹಾಕಿದ ನೀಲಿ ದಾರದ ಹೊಲಿಗೆ. ಅದರ ಜೋಡಿಯ ಇನ್ನೊಂದು ಪ್ಯಾಂಟು ನನ್ನ ಮೈಮೇಲೇ ಇತ್ತು, ಗರಿಗರಿಯಾಗಿ. ಆ ಚೀಲವನ್ನು ಮಳೆಯಲ್ಲಿ ಹೊತ್ತುಕೊಂಡು ಬಂದ ಸಭ್ಯ ಮನುಷ್ಯನ ಮುಖ ನನ್ನ ಕಣ್ಣಮುಂದೆ ಬಂತು.

ಅಷ್ಟರಲ್ಲಿ ಗದ್ದಲ ಕೇಳಿ ಉಪಾಧ್ಯರು ಬಂದರು. ಓಣಿಯನ್ನು ಉದ್ದಕ್ಕೂ ನೋಡಿದರು. ಚಾಪೆ ನೋಡಿದರು. ಡಬ್ಬ ನೋಡಿದರು. ಡಬ್ಬವನ್ನು ಇನ್ನೊಮ್ಮೆ ನೋಡಿದರು. ಆಮೇಲೆ ಅದರ ಮೇಲೆ ನಿಧಾನವಾಗಿ ತೂಗುತ್ತಿದ್ದ ಬಂಗುಡೆಗಳನ್ನು ನೋಡಿದರು.

“ಇದು…” ಎಂದರು.

“ಅದು ನಿಮ್ಮ ಮನೆಯದ್ದು ಸಾರ್” ಎಂದೆ. “ಇದು ನನ್ನ ಮನೆಯದ್ದು” ಎಂದು ಪ್ಯಾಂಟು ತೋರಿಸಿದೆ. ಮುಚ್ಚಿಡಲು ಜಾಗ ಇರಲಿಲ್ಲ. ಅಷ್ಟು ಅಗಲದ ಪ್ಯಾಂಟು.

ಬೊಂಬಾಯಿಯ ಕಂಪೆನಿ ಆ ಓಣಿಯ ಬಾಗಿಲಲ್ಲೇ ಬಂದು ನಿಂತು ಇಣುಕಿದ ಹಾಗಾಯಿತು ನನಗೆ. ಆಮೇಲೆ ಉಪಾಧ್ಯರ ಹೊಟ್ಟೆ ಮೊದಲು ಅಲ್ಲಾಡಿತು, ಮತ್ತೆ ಭುಜ, ಕೊನೆಗೆ ಶಬ್ದ ಬಂತು. ಅಷ್ಟು ಮೆತ್ತಗಿನ ಮನುಷ್ಯ ಅಷ್ಟು ದೊಡ್ಡದಾಗಿ ನಗಬಲ್ಲರು ಎಂದು ನನಗೆ ಗೊತ್ತಿರಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, “ಶೀನಣ್ಣ, ಇಷ್ಟನ್ನೆಲ್ಲ ಒಣಗಿಸಿಯೂ ನಿಮ್ಮ ಕೋಣೆ ಅರುವತ್ತು ದಾಟಲಿಲ್ಲ ಅಲ್ವಾ? ಯಂತ್ರಕ್ಕೆ ಇದಕ್ಕಿಂತ ದೊಡ್ಡ ಪರೀಕ್ಷೆ ಯಾವ ಕಂಪೆನಿಯೂ ಮಾಡುವುದಿಲ್ಲ. ಎಲ್ಲ ಖಾಲಿ ಮಾಡಿಸಿ. ಮತ್ತೆ…” ದನಿ ತಗ್ಗಿಸಿದರು, “ಆ ಹಪ್ಪಳ ನಮ್ಮ ಮನೆಗೆ ವಾಪಸು ಹೋಗಬಾರದು. ಅದು ಯಾರ ಜೊತೆ ಒಣಗಿತು ಎಂದು ನಮ್ಮವಳಿಗೆ ಗೊತ್ತಾಗಲೂ ಬಾರದು.”

ಎಲ್ಲ ಖಾಲಿ ಮಾಡಿದೆವು. ಹಗ್ಗ ಬಿಚ್ಚಿದೆ, ಅಪ್ಪಿಯಕ್ಕನ ಸೊಂಟದಿಂದ ಒಂದು ಬೀಗದ ಕೈ ಕಡಿಮೆ ಮಾಡಿದೆ. ಮರುದಿನ ಮೇಲಿನವರು ಬಂದು ಥರ್ಮಾಮೀಟರಿಗೆ ಕಣ್ಣು ತಾಗಿಸಿ ನೋಡುವಾಗ ಕೋಣೆ ಐವತ್ತರಲ್ಲಿ ಸಜ್ಜನನ ಹಾಗೆ ನಿಂತಿತ್ತು. ಬಕೆಟು ಅರ್ಧವೂ ತುಂಬಿರಲಿಲ್ಲ. ಬಕೆಟು ತೋರಿಸಲು ಎದ್ದ ನನ್ನ ಕೈಯನ್ನು ಉಪಾಧ್ಯರು ಮೆಲ್ಲಗೆ ಹಿಡಿದು ಕೂರಿಸಿದರು. ಆಟಿ ಮುಗಿಯಿತು, ಹೊಸ ಕೋಣೆಗಳ ಕೆಲಸ ನನಗೇ ಸಿಕ್ಕಿತು. ಹಪ್ಪಳವೂ ನಮಗೇ ಸಿಕ್ಕಿತು. ಗಿರಿಜ ಕರಿದಳು. ತುಸು ಬಂಗುಡೆಯ ಪರಿಮಳ ಇದ್ದದ್ದು ಬಿಟ್ಟರೆ, ಅಷ್ಟು ಹದವಾಗಿ ಒಣಗಿದ ಹಪ್ಪಳ ನಾನು ತಿಂದಿಲ್ಲ. ನನ್ನ ಗಾಳಿಯ ಬಗ್ಗೆ ನಾನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ ಎನ್ನುವುದನ್ನು ಓದುಗರು ಗಮನಿಸಬೇಕು.

ಊಟ ಮಾಡುತ್ತಾ, “ನನಗೆ ಒಂದು ಮಾತು ಹೇಳಬಾರದಿತ್ತಾ? ಮೂರು ಕೋಣೆಯ ಕೆಲಸ ಕೈತಪ್ಪಿ ಹೋಗ್ತಿತ್ತಲ್ಲ!” ಎಂದು ಗಿರಿಜಳನ್ನು ಕೇಳಿದೆ. ಅವಳು ಇನ್ನೊಂದು ಹಪ್ಪಳ ಹಾಕಿ, “ಊರಿಗೆಲ್ಲ ಹೇಳಿದಿರಿ, ಕ್ಷೌರದವನಿಗೂ ಹೇಳಿದಿರಿ. ನಾನು ಕೇಳಿದ್ದು ಅಪ್ಪಿಯಕ್ಕನ ಬಾಯಿಂದ. ಮನೆಯಲ್ಲಿ ಹೇಳಿದ್ದರೆ ಮನೆಯಲ್ಲೇ ಒಣಗಿಸುವ ದಾರಿ ಕೇಳ್ತಿದ್ದೆ” ಎಂದಳು. “ಅದೆಷ್ಟು ಹೊತ್ತಿನ ಕೆಲಸ? ಮುಂದಿನ ಆಟಿಯೊಳಗೆ ನಮ್ಮ ಮನೆಯಲ್ಲೂ ಒಂದು ಒಣ ಕೋಣೆ ಮಾಡ್ತೇನೆ, ನೋಡ್ತಾ ಇರು” ಎಂದೆ. ಅವಳು ನೋಡುತ್ತಾ ಇದ್ದಾಳೆ.

ಹೊಸ ಕಟ್ಟಡದಲ್ಲಿ ವಾಪಸು ಗಾಳಿಗೆ ಓಣಿ ಬಿಡಲಿಲ್ಲ. ಬೆಕ್ಕು ಕೂಡ ತೂರದ ತಗಡಿನ ಕೊಳವೆ ಹಾಕಿದೆ. ಅಪ್ಪಿಯಕ್ಕ ಬಂದು ಕೊಳವೆಯೊಳಗೆ ಇಣುಕಿ, “ಒಂದು ಹಗ್ಗದಷ್ಟು ಜಾಗ ಬಿಟ್ಟಿದ್ದರೆ ಕಟಪಾಡಿಯಲ್ಲಿ ನಿಮಗೆ ಸನ್ಮಾನ ಮಾಡಿಸ್ತಿದ್ದೆ” ಎಂದು ನಿಟ್ಟುಸಿರು ಬಿಟ್ಟಳು. ಒಂದು ಸಲ ಕಾಪುವಿಗೆ ಹೋದಾಗ ದಾರಿಯಲ್ಲಿ ಹಳೆಯ ಮಾಸ್ಟ್ರು ಸಿಕ್ಕಿದರು. ಕಾಲುಮುಟ್ಟಿ, “ಮಾಸ್ಟ್ರೇ, ಆ ತೊಟ್ಟಿಯ ಲೆಕ್ಕ ಗೊತ್ತಾಯಿತು” ಎಂದೆ. “ಎಂತ ಉತ್ತರ?” ಎಂದರು. “ಕೆಳಗಿನ ನಳ್ಳಿ ನನ್ನ ಯಂತ್ರ. ಮೇಲಿನದ್ದು ನನ್ನ ಬಾಯಿ” ಎಂದೆ. ಅವರು ಒಂದು ಕ್ಷಣ ಯೋಚಿಸಿ, “ಸರಿ ಉಂಟು. ಬಿರಡೆ ಸಿಕ್ಕಿತಾ?” ಎಂದು ಕೇಳಿದರು. ಅದಕ್ಕೆ ಉತ್ತರ ಕೊಡಲು ನಾನು ಮಣಿಪಾಲದ ಕೋಣೆಗಳ ಕತೆಯನ್ನು ಮೊದಲಿನಿಂದ ಹೇಳತೊಡಗಿದೆ. ಅವರ ಬಸ್ಸು ಹೋಯಿತು. ಅದರ ನಂತರದ ಬಸ್ಸೂ ಹೋಯಿತು.

ಈಗ ನನ್ನಲ್ಲಿ ಇರುವುದು ಇಷ್ಟು: ಕಟಪಾಡಿಯಲ್ಲಿ ವರ್ಕ್‌ಶಾಪು ಒಂದು. ತಗಡು ಬಗ್ಗಿಸುವ ಯಂತ್ರ ಎರಡು. ಮಣಿಪಾಲದಲ್ಲಿ ನಾನು ಕಟ್ಟಿದ ಒಣ ಕೋಣೆ ನಾಲ್ಕು. ಹೆಂಡತಿ ಒಬ್ಬಳು. ಒಲೆಯ ಮೇಲೆ ಹಗ್ಗ ಒಂದು. ಹಗ್ಗದ ಮೇಲೆ ಪ್ಯಾಂಟು ಒಂದು, ಮೈಮೇಲೆ ಒಂದು. ಎರಡೂ ಒದ್ದೆ.